ನಾನು ಅಳಿಸಿದ ಆರು ವರ್ಷದ ಮಳೆ

ಪೋರ್ಟಬಲ್ ಕಂಪ್ಯೂಟರ್ ಎಂಬ ಮಾತಿಗೆ ಮೊದಮೊದಲು ನಮಗೆ ಗೊತ್ತಿದ್ದ ಅರ್ಥ ಒಂದೇ: ಅದಕ್ಕೊಂದು ಹಿಡಿ ಇರುತ್ತದೆ. ಹಿಡಿ ಇದ್ದ ಮಾತ್ರಕ್ಕೆ ಎತ್ತಲು ಬರುತ್ತದೆ ಎಂದೇನೂ ಅಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಚಿಕ್ಕಮಗಳೂರಿನ ನಮ್ಮ ಅಂಗಡಿಗೆ ಬಂದ ಮೊದಲನೆಯದು ಹೊಲಿಗೆ ಮೆಷಿನ್ನಿನ ಪೆಟ್ಟಿಗೆಯಷ್ಟು ದೊಡ್ಡದಿತ್ತು, ಬೇರೆ ಯಾರೋ ಬಳಸಿ ಬಿಟ್ಟದ್ದು. ಮುಚ್ಚಳ ತೆಗೆದರೆ ಆ ಮುಚ್ಚಳವೇ ಕೀಬೋರ್ಡು. ಒಳಗೆ ಅಂಗೈ ಅಗಲದ ಪರದೆ, ಅದರಲ್ಲಿ ಹಳದಿ ಅಕ್ಷರ. ಬ್ಯಾಟರಿ ಇಲ್ಲ. ಅದನ್ನು ಹೊತ್ತು ಮೂಡಿಗೆರೆ ಬಸ್ಸು ಹತ್ತಿದರೆ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದು ಕೊಡುತ್ತಿದ್ದ. ತೋಟದ ಮನೆ ಮುಟ್ಟುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು.

ಒಂದು ಸಲ ಬಣಕಲ್ ಹತ್ತಿರದ ತೋಟದವರೊಬ್ಬರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು: "ಇದು ಶುರುವಾಗೋದು ಯಾವಾಗ?"

"ಕರೆಂಟ್ ಬಂದ ಮೇಲೆ ಸಾರ್."

"ಹಾಗಾದ್ರೆ ಇದನ್ನ ಹೊತ್ಕಂಡು ಯಾಕ್ ಬಂದ್ರಿ ಮಾರಾಯ್ರೆ? ಕರೆಂಟ್ ಇರೋ ಕಡೆ ನಾವೇ ಬರ್ತಿದ್ವಲ್ಲ."

ನಾನು ಕಡೂರು ಕಡೆಯವನು, ಬಯಲುಸೀಮೆಯವನು. ಟೈಪ್‌ರೈಟರ್ ರಿಪೇರಿ ಕಲಿತು ಬೆಟ್ಟ ಹತ್ತಿದವನಿಗೆ ಕಂಪ್ಯೂಟರ್ ಆಮೇಲೆ ಗಂಟುಬಿತ್ತು. ಈಗ ಈ ಕಸುಬಿಗೆ ಬರುವವರು ಸಿಕ್ಕಾಗ ಚಿಪ್ಪು, ಮೆಮೊರಿ, ಬ್ಯಾಟರಿ ಎಂದೆಲ್ಲ ಕೇಳುತ್ತಾರೆ. ಅದೆಲ್ಲ ಅವರಿಗೇ ನನಗಿಂತ ಚೆನ್ನಾಗಿ ಗೊತ್ತು. ನನಗೆ ಹೇಳಬೇಕಾಗಿರುವುದು ಒಂದು ತಪ್ಪಿನ ವಿಷಯ. ಅದನ್ನು ನಾನು ಈ ಕಸುಬಿನವರಲ್ಲಿ ಯಾರಿಗೂ ಬಾಯಿಬಿಟ್ಟು ಪೂರ್ತಿ ಹೇಳಿಲ್ಲ.

ಅಂಗಡಿ ಸಿದ್ದಲಿಂಗಪ್ಪನವರದ್ದು. ಹಣೆಯ ವಿಭೂತಿ ಅಳಿಸಿದ್ದನ್ನು ನಾನು ಕಂಡಿಲ್ಲ, ಸಿಟ್ಟು ಇಳಿದದ್ದನ್ನೂ ಅಪರೂಪಕ್ಕೆ ಕಂಡವನು. ಆದರೆ ಕಸುಬಿನ ಮೊದಲ ಪಾಠ ಹೇಳಿಕೊಟ್ಟವರು ಅವರೇ. "ಸ್ಕ್ರೂ ಬಿಚ್ಚೋಕ್ ಮುಂಚೆ ಗಿರಾಕಿ ಬಾಯಿ ಬಿಚ್ಚಿಸು. ಮೆಷಿನ್ ಹಾಳಾಗಿದೆ ಅಂತ ಎಲ್ಲರೂ ಹೇಳ್ತಾರೆ. ಅದರಿಂದ ಅವರಿಗೇನು ಹಾಳಾಗಿದೆ ಅಂತ ನೀನೇ ಕೇಳ್ಬೇಕು." ಈ ಮಾತು ಅರ್ಥವಾಗಲು ನನಗೆ ಹತ್ತು ವರ್ಷ ಹಿಡಿಯಿತು.

ಪೆಟ್ಟಿಗೆಯ ಕಾಲ ಬೇಗ ಮುಗಿಯಿತು. ಆಮೇಲೆ ಬಂದದ್ದು ನಿಜವಾಗಿ ತೊಡೆಯ ಮೇಲೆ ಕೂರುವ ಲ್ಯಾಪ್‌ಟಾಪ್. ಬೂದು ಬಣ್ಣ, ಪುಸ್ತಕದಂತೆ ತೆರೆಯುವ ಮುಚ್ಚಳ, ನೇರ ಎದುರಿಗೆ ಕೂತರೆ ಮಾತ್ರ ಕಾಣುವ ಕಪ್ಪು ಬಿಳುಪು ಪರದೆ. ಪಕ್ಕದಲ್ಲಿ ಕೂತವನಿಗೆ ಏನೂ ಕಾಣದು. ಗಂಡ ಹೆಂಡತಿ ಒಟ್ಟಿಗೆ ನೋಡಬೇಕಾದರೆ ತಲೆಗೆ ತಲೆ ತಾಗಿಸಬೇಕಿತ್ತು. ಕೀಲಿಗಳ ಕೆಳಗೆ ಬೆರಳಲ್ಲಿ ಉರುಳಿಸುವ ಒಂದು ಗುಂಡು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಆ ಗುಂಡಿನ ಗೂಡಿನಿಂದ ನಾನು ತೆಗೆದಷ್ಟು ಕೆಂಪು ಧೂಳನ್ನು ಯಾವ ಮೇಸ್ತ್ರಿಯೂ ರಸ್ತೆಯಿಂದ ತೆಗೆದಿರಲಾರ. ಬ್ಯಾಟರಿ ಒಂದೂವರೆ ಗಂಟೆ ಬರುತ್ತದೆ ಎಂದು ಡಬ್ಬದ ಮೇಲೆ ಬರೆದಿರುತ್ತಿತ್ತು. ಡಬ್ಬ ಬರೆದವರು ಮಲೆನಾಡಿನ ಥಂಡಿ ಕಂಡವರಲ್ಲ.

ಧೂಳಾದರೂ ಒರೆಸಿದರೆ ಹೋಗುತ್ತದೆ. ನಮ್ಮ ನಿಜವಾದ ಶತ್ರು ಬೂಷ್ಟು. ಜೂನ್ ಬಂತೆಂದರೆ ಚಪ್ಪಲಿ, ಬೆಲ್ಟು, ಗೋಡೆಯ ಫೋಟೋ, ಎಲ್ಲದಕ್ಕೂ ಬಿಳಿ ಬೂಷ್ಟು. ಅದಕ್ಕೆಂದೇ ಅನುಕೂಲಸ್ಥರ ಮನೆಗಳಲ್ಲಿ ಒಂದು ಕಪಾಟಿನೊಳಗೆ ಮಳೆಗಾಲವಿಡೀ ಬಲ್ಬು ಉರಿಸಿಡುತ್ತಾರೆ. ರೇಷ್ಮೆ ಸೀರೆ, ಕ್ಯಾಮೆರಾ, ಮದುವೆ ಆಲ್ಬಂ ಅದರಲ್ಲಿರುತ್ತವೆ. ಲ್ಯಾಪ್‌ಟಾಪನ್ನೂ ಅದರಲ್ಲೇ ಇಡಿ ಎಂದು ನಾನು ಗಿರಾಕಿಗಳಿಗೆಲ್ಲ ಹೇಳತೊಡಗಿದೆ. ಬಲ್ಬಿನ ಕಪಾಟಿಲ್ಲದ ಒಬ್ಬರು ಅದನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಹಲಸಿನ ಹಪ್ಪಳದ ಡಬ್ಬದ ಪಕ್ಕ ಇಟ್ಟಿದ್ದರು. ಯಂತ್ರ ಸೊಗಸಾಗಿಯೇ ನಡೆಯುತ್ತಿತ್ತು. ಅದರ ಫ್ಯಾನು ತಿರುಗಿದಾಗಲೆಲ್ಲ ಅಂಗಡಿಯ ತುಂಬ ಹೊಗೆಯ ವಾಸನೆ ಬರುತ್ತಿತ್ತು, ಅಷ್ಟೇ. ನನ್ನ ಸಲಹೆಗೆ ನಾನೇ ಬೆನ್ನು ತಟ್ಟಿಕೊಂಡೆ. ಯಂತ್ರವನ್ನು ಬೆಚ್ಚಗಿಡಿ ಎಂದ ನಾನು, ನಕಲು ತುಂಬಿಡುವ ಫ್ಲಾಪಿಗಳನ್ನು ಎಲ್ಲಿಡಬೇಕು ಎಂದು ಒಬ್ಬರಿಗೂ ಹೇಳಿರಲಿಲ್ಲ.

ಮಲ್ಲಂದೂರಿನ ಕಡೆ ಹಿರಿಯಣ್ಣಗೌಡರೆಂಬ ತೋಟದ ಯಜಮಾನರಿದ್ದರು. ಎತ್ತರದ ಆಳು, ಮಾತು ಕಡಿಮೆ. ಆ ಭಾಗದಲ್ಲಿ ನಮ್ಮಿಂದ ಮೊದಲು ಲ್ಯಾಪ್‌ಟಾಪ್ ಕೊಂಡವರು ಅವರೇ. ತೋಟದ ಲೆಕ್ಕಕ್ಕೆ ಅವರಿಗೆ ರೈಟರ್ ಇದ್ದ. ಅವರು ಅದನ್ನು ಕೊಂಡದ್ದು ಮಳೆಗೆ.

ಕಾಫಿ ಸೀಮೆಯ ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಇಲ್ಲಿ ತೋಟದವರು ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದಲ್ಲಿ ನೆಟ್ಟ ರೈನ್‌ಗೇಜಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಹಿಂದಿನ ದಿನದ ಮಳೆಯನ್ನು ಬರೆದಿಡುತ್ತಾರೆ. ಇಂಚು ಮತ್ತು ಸೆಂಟು, ನೂರು ಸೆಂಟಿಗೆ ಒಂದು ಇಂಚು. ಅಪ್ಪ ಬರೆದ ಪುಸ್ತಕವನ್ನು ಮಗ ಮುಂದುವರಿಸುತ್ತಾನೆ. ಈ ಕೆಲಸವನ್ನು ಆಳಿಗೆ ಬಿಡುವುದಿಲ್ಲ. ಬರೆದಾದ ಮೇಲೆ ಫೋನು: ನಿಮ್ಮಲ್ಲೆಷ್ಟು, ನಮ್ಮಲ್ಲಿಷ್ಟು. ಪಕ್ಕದ ತೋಟದ ಮಂಜಪ್ಪಗೌಡರಿಗೂ ಇವರಿಗೂ ಬೇಲಿಯ ವಿಷಯಕ್ಕೆ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ಆದರೂ ಎಂಟೂವರೆಗೆ ಫೋನ್ ಬರುವುದು ತಪ್ಪುತ್ತಿರಲಿಲ್ಲ.

"ಎಷ್ಟು?"

"ಎರಡು ಹತ್ತು."

"ನಮ್ದು ಎರಡು ಮೂವತ್ತು."

ಅಷ್ಟೇ, ಫೋನ್ ಇಟ್ಟಾಯಿತು. ನಾನು ನಕ್ಕದ್ದನ್ನು ನೋಡಿ ಗೌಡರು ಗಂಭೀರವಾಗಿಯೇ ಹೇಳಿದ್ದರು: "ಮಾತು ಬಿಟ್ಟಿದ್ದೀವಿ ನಾಗರಾಜ. ಮಳೆ ಬಿಟ್ಟಿಲ್ಲ."

ಅವರ ಉದ್ದನೆಯ ಮಳೆ ಪುಸ್ತಕವನ್ನು ಮುಚ್ಚಿಸಿದವನು ನಾನು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೊಸ ಯಂತ್ರ ಕೈಗೆ ಬಂದಾಗ ನಮ್ಮ ನಾಲಿಗೆ ಉದ್ದವಾಗುತ್ತದೆ. "ಇನ್ನು ಪುಸ್ತಕ ಯಾಕೆ ಗೌಡ್ರೇ? ತಾರೀಖು ಹೊಡೆದ್ರೆ ಸಾಕು, ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು ಪಕ್ಕಪಕ್ಕದಲ್ಲಿ ಬಂದು ನಿಲ್ಲುತ್ತೆ" ಎಂದೆ. ಮಾಡಿಯೂ ತೋರಿಸಿದೆ. ಅವರ ಮುಖ ಅರಳಿತು. ಪುಸ್ತಕ ಬೀರು ಸೇರಿತು. ಶನಿವಾರಕ್ಕೊಮ್ಮೆ ಎಲ್ಲವನ್ನೂ ಎರಡು ಫ್ಲಾಪಿಗೆ ನಕಲು ಮಾಡಿಡಲು ಹೇಳಿಕೊಟ್ಟೆ. ಗೌಡರು ಆರು ವರ್ಷ, ಮನೆಯಲ್ಲಿದ್ದ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.

ಆ ಆರು ವರ್ಷದಲ್ಲಿ ಲ್ಯಾಪ್‌ಟಾಪಿಗೆ ಬಣ್ಣ ಬಂತು, ಸಿ.ಡಿ. ಬಂತು. ಉರುಳುವ ಗುಂಡು ಹೋಗಿ ಬೆರಳಾಡಿಸುವ ಚೌಕ ಬಂತು. ಫ್ಲಾಪಿಯ ಕಿಂಡಿಯೇ ಇಲ್ಲದ ಯಂತ್ರಗಳೂ ಬರತೊಡಗಿದವು. ಒಂದು ಜುಲೈಯಲ್ಲಿ ಗೌಡರ ಹೆಂಡತಿ ಕಮಲಮ್ಮನವರು ಅಂಗಡಿಗೆ ಫೋನ್ ಮಾಡಿ ಬರಹೇಳಿದರು. ಹೋದೆ. ಗೌಡರು ಜಗಲಿಯಲ್ಲಿ ಕೂತಿದ್ದರು. ನಮಸ್ಕಾರ ಎಂದರೆ ನಮಸ್ಕಾರ ಎಂದರು, ಯಾರೋ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳುವಂತೆ. ಕಮಲಮ್ಮ ನನ್ನನ್ನು ಒಳಗೆ ಕರೆದು ಕಾಫಿ ಕೊಟ್ಟರು.

"ಮೆಷಿನ್ ಮುಚ್ಚಳ ನಿಲ್ತಿಲ್ಲ, ಪರದೆ ಮೇಲೆ ಬರೇ ಗೆರೆ" ಎಂದರು. ಸಿದ್ದಲಿಂಗಪ್ಪನವರ ಪಾಠ ನೆನಪಾಗಿ, "ಅದರಿಂದ ನಿಮಗೆ ಏನು ತೊಂದರೆಯಾಗಿದೆ ಅಮ್ಮ?" ಎಂದೆ.

ಅವರು ಜಗಲಿಯ ಕಡೆ ನೋಡಿ ದನಿ ತಗ್ಗಿಸಿ ಹೇಳಿದರು: "ಅವ್ರಿಗೆ ಮರೆವು ಬಂದು ಒಂದು ವರ್ಷ ಆಯ್ತು ನಾಗರಾಜಣ್ಣ. ಮಗಳು ಬಂದ್ರೆ ಯಾರ ಮನೆಯವಳು ಅಂತಾರೆ. ನನ್ನ ಹೆಸ್ರು ಅವ್ರ ಬಾಯಲ್ಲಿ ಬಂದು ಎಷ್ಟು ತಿಂಗಳಾಯ್ತೋ. ಆದ್ರೆ ಬೆಳಿಗ್ಗೆ ಮಳೆ ಅಳೆದು ಆ ಮೆಷಿನ್ ಮುಂದೆ ಕೂತ್ರೆ, ಹೋದ ವರ್ಷ ಇವತ್ತು ಇಷ್ಟು ಬಂದಿತ್ತು, ಅವತ್ತು ಗೋಣಿಮರ ಬಿತ್ತು, ಇವತ್ತಿನ ದಿನ ಹಸು ಕರು ಹಾಕ್ತು, ಅಂತ ಎಲ್ಲ ಹೇಳ್ತಾರೆ. ಒಂದು ಗಂಟೆ ಹಳೇ ಮನುಷ್ಯ. ಆಮೇಲೆ ಮತ್ತೆ ಯಾರೋ. ಆ ಒಂದು ಗಂಟೆ ನನಗೆ ಬೇಕು. ಬೇಗ ಮಾಡ್ಕೊಡಿ."

ಯಂತ್ರವನ್ನೂ ಫ್ಲಾಪಿಗಳಿದ್ದ ಬಿಸ್ಕತ್ತಿನ ಡಬ್ಬವನ್ನೂ ತಂದೆ. ಹಾರ್ಡ್‌ಡಿಸ್ಕು ಸವೆದು ಕರಕರ ಎನ್ನುತ್ತಿತ್ತು. ಕಮಲಮ್ಮನವರ ಮುಖ ಕಣ್ಣೆದುರಿಗಿತ್ತು, ಬೇಗ ಮುಗಿಸಬೇಕೆಂಬ ಅವಸರ. ನಕಲು ಹೇಗೂ ಫ್ಲಾಪಿಯಲ್ಲಿದೆ ಎಂದುಕೊಂಡು, ಎಲ್ಲವನ್ನೂ ಹೊಸದಾಗಿ ಕೂರಿಸಲು ಡಿಸ್ಕನ್ನು ಪೂರ್ತಿ ಅಳಿಸಿದೆ. ಆಮೇಲೆ ಮೊದಲ ಫ್ಲಾಪಿ ಹಾಕಿದೆ. ಗರಗಸ ಎಳೆದ ಸದ್ದು ಬಂತು. ಹೊರಗೆ ತೆಗೆದು ತಗಡಿನ ಬಾಗಿಲು ಸರಿಸಿ ನೋಡಿದರೆ ಒಳಗಿನ ಕಪ್ಪು ಹಾಳೆಯ ಮೇಲೆ ಬಿಳಿ ಬೂಷ್ಟು. ಎರಡನೆಯದೂ ಹಾಗೇ. ಯಂತ್ರ ಆರು ಮಳೆಗಾಲ ಬಲ್ಬಿನ ಕಪಾಟಿನಲ್ಲಿ ಬೆಚ್ಚಗಿತ್ತು, ಫ್ಲಾಪಿಗಳು ಅಡುಗೆಮನೆಯ ಕಿಟಕಿಯ ಪಕ್ಕ ಇದ್ದವು. ಬೆಂಗಳೂರಿನಲ್ಲಿ ಗೊತ್ತಿದ್ದವರಿಗೆ ಡಿಸ್ಕು ಕಳಿಸಿ ನೋಡಿದೆ. ಆಗುವುದಿಲ್ಲ ಎಂದು ಹಾಗೇ ವಾಪಸ್ ಬಂತು.

ನಕಲು ಇದೆ ಎಂದು ಯಾರು ಹೇಳಿದರೂ, ಅದನ್ನು ತೆರೆದು ಓದಿದ ಮೇಲೆಯೇ ಮೂಲಕ್ಕೆ ಕೈ ಹಾಕಿ. ಆದರೆ ನಾನು ಹೇಳಹೊರಟ ತಪ್ಪು ಇದಲ್ಲ. ಇದು ಬರೀ ಅಜಾಗರೂಕತೆ.

ತಪ್ಪು ಅದರ ಮುಂದಿನದು. ಕಮಲಮ್ಮನವರಿಗೆ ಫೋನ್ ಮಾಡಿ ಹೇಳಲು ನನಗೆ ಬಾಯಿ ಬರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಆರು ವರ್ಷದ ಮಳೆಯನ್ನು ನಾನೇ ಸುರಿಸಿದೆ. ಮರೆವಿನ ಮನುಷ್ಯ, ಅವರಿಗೇನು ಗೊತ್ತಾಗುತ್ತದೆ ಎಂದುಕೊಂಡೆ. ಜೂನ್, ಜುಲೈಗೆ ಧಾರಾಳವಾಗಿ ಎರಡು, ಮೂರು ಇಂಚು. ಒಂದೊಂದು ದಿನ ಐದು. ದೀಪಾವಳಿ ಹತ್ತಿರ ಅಲ್ಲಲ್ಲಿ ಹನಿ. ಡಿಸೆಂಬರಿನಿಂದ ಏಪ್ರಿಲ್ ಮುಗಿಯುವವರೆಗೆ ಸಾಲಾಗಿ ಸೊನ್ನೆ. ಒಂದೂವರೆ ದಿನದಲ್ಲಿ ಮುಗಿಸಿದೆ. ವರುಣನಿಗೂ ಅಷ್ಟು ಬೇಗ ಆಗುತ್ತಿರಲಿಲ್ಲ. ಆ ಹಳೇ ಯಂತ್ರ ಇನ್ನು ಬೇಡವೆಂದು ನಾನೇ ತೀರ್ಮಾನಿಸಿ ಹೊಸ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಬೆಳಗಿನ ಮೊದಲ ಬಸ್ಸಿಗೆ ಹೋದೆ.

ಗೌಡರು ಮಳೆ ಅಳೆದು ಒಳಗೆ ಬಂದರು. ಕಮಲಮ್ಮ ಕುರ್ಚಿ ಸರಿಸಿದರು. ಗೌಡರು ಹೊಸ ಪರದೆಯನ್ನು ಮುಟ್ಟಿ ನೋಡಿದರು. ಆ ದಿನದ ಅಂಕಿ ಹೊಡೆದು, ಹಿಂದಿನ ವರ್ಷಕ್ಕೆ ಹೋಗಿ, ಒಂದೊಂದೇ ತಿಂಗಳು ಮೇಲೆ ಸರಿದು ಮಾರ್ಚಿಗೆ ಬಂದು ನಿಂತರು.

"ಹೂಮಳೆ ಎಲ್ಲಿ?"

ಬೇಸಿಗೆಯ ನಡುವೆ ಒಂದು ಇಂಚಿನಷ್ಟಾದರೂ ಮಳೆ ಬಿದ್ದರೆ ಕಾಫಿ ಗಿಡ ಹೂ ಬಿಡುತ್ತದೆ. ಅದು ಹೂಮಳೆ. ತೋಟದವರು ಮಕ್ಕಳ ಹುಟ್ಟಿದ ದಿನ ಮರೆತರೂ ಹೂಮಳೆ ಬಿದ್ದ ದಿನ ಮರೆಯುವುದಿಲ್ಲ. ನನಗೂ ಇದು ಗೊತ್ತಿತ್ತು. ಆದರೆ ಸೊನ್ನೆ ಹೊಡೆಯುವಾಗ ನನ್ನೊಳಗಿನ ಕಡೂರಿನವನು ಬೇಸಿಗೆಯಲ್ಲಿ ಮಳೆ ಎಲ್ಲಿಂದ ಎಂದುಕೊಂಡುಬಿಟ್ಟಿದ್ದ.

ಗೌಡರು ಅದರ ಹಿಂದಿನ ವರ್ಷ ನೋಡಿದರು, ಅದರ ಹಿಂದಿನದು ನೋಡಿದರು. "ಆರು ವರ್ಷ ಹೂ ಆಗ್ಲಿಲ್ವಾ? ಮತ್ತೆ ಕಣದಲ್ಲಿ ಒಣಗಿಸಿದ್ದು ಎಂತದು?" ಎಂದವರೇ ಎದ್ದು ಬರಿಗಾಲಲ್ಲಿ ಜಿಟಿಜಿಟಿ ಮಳೆಗೆ ಇಳಿದರು. ನಾನೂ ಕಮಲಮ್ಮನೂ ಕೊಡೆ ಹಿಡಿದು ಹಿಂದೆ ಓಡಿದೆವು. ಅವರು ಅಂಗಳದಾಚೆಯ ಕಾಫಿ ಗಿಡಗಳ ರೆಕ್ಕೆಕೊಂಬೆಗಳನ್ನು ಎತ್ತಿ ಎತ್ತಿ ನೋಡುತ್ತಿದ್ದರು. ಹಸಿರು ಕಾಯಿ ಗೊಂಚಲು ಗೊಂಚಲಾಗಿ ಹಿಡಿದಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ನಿಂತರು.

"ಗಿಡ ಸುಳ್ಳು ಹೇಳಲ್ಲ" ಎಂದರು. "ಬರೆದೋನು ಸುಳ್ಳ."

ನನ್ನ ಕಡೆ ನೋಡಿ ಹೇಳಲಿಲ್ಲ. ನೋಡಿ ಹೇಳಿದ್ದರೆ ಇಷ್ಟು ವರ್ಷ ಅದು ನನ್ನನ್ನು ಕಾಡುತ್ತಿರಲಿಲ್ಲವೇನೋ.

ಜಗಲಿಗೆ ಬಂದು ಕಮಲಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಗೌಡರ ತಲೆ ಒರೆಸುತ್ತ ಕೇಳಿಸಿಕೊಂಡರು. "ಹೋಗಿದ್ದಕ್ಕೆ ಬೇಜಾರಿಲ್ಲ, ಮೆಷಿನ್ ಅಂದ್ಮೇಲೆ ಹೋಗುತ್ತೆ" ಎಂದರು. "ಅವ್ರಿಗೆ ಗೊತ್ತಾಗಲ್ಲ ಅಂದ್ಕಂಡ್ರಲ್ಲ ನಾಗರಾಜಣ್ಣ, ಅದಕ್ಕೆ ಬೇಜಾರು." ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು, ನಾಚಿಕೆಯೂ ಆಯಿತು.

ಅಷ್ಟರಲ್ಲಿ ಫೋನ್ ಬಂತು. ಕಮಲಮ್ಮ ಹೋಗಿ ಎತ್ತಿ, "ಒಂದು ಅರವತ್ತು" ಎಂದಷ್ಟೇ ಹೇಳಿ ಇಟ್ಟರು. ಇಟ್ಟವರು ಅಲ್ಲೇ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಮಂಜಪ್ಪ ನಮ್ಮನೆ ಮಳೆನೂ ಬರ್ಕೋತಾನೆ. ತನ್ನ ತೋಟಕ್ಕೆ ನಮಗಿಂತ ಹೆಚ್ಚು ಬೀಳುತ್ತೆ ಅಂತ ತೋರಿಸ್ಬೇಕಲ್ಲ" ಎಂದರು.

ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬೇಲಿ ಸುತ್ತಿ ಹೋದೆ. ಮಂಜಪ್ಪಗೌಡರು ಗಿಡ್ಡ ಆಳು, ದೊಡ್ಡ ಮೀಸೆ. "ಆ ಮನೆಯಿಂದ ಬಂದ್ರಾ?" ಎಂದು ಹುಬ್ಬು ಗಂಟು ಹಾಕಿದರು. ಮುಚ್ಚಿಡುವ ಚಟ ಆ ಬೆಳಿಗ್ಗೆಗೇ ಬಿಟ್ಟುಹೋಗಿತ್ತು. ಮರೆವಿನಿಂದ ಹಿಡಿದು ನನ್ನ ಸುಳ್ಳು ಮಳೆಯವರೆಗೆ ಎಲ್ಲ ಹೇಳಿದೆ. ಅವರು ಎದ್ದು ಒಳಗೆ ಹೋಗಿ ಆರು ಪುಸ್ತಕ ತಂದರು. ಪ್ರತಿ ಪುಟದಲ್ಲೂ ಎರಡು ಸಾಲು ಅಂಕಿ. ಒಂದರ ಮೇಲೆ 'ನಮ್ದು', ಇನ್ನೊಂದರ ಮೇಲೆ 'ಅವ್ರದು'.

"ಮಳೆ ಪುಸ್ತಕ ಮನೆ ಬಾಗಿಲು ದಾಟಲ್ಲ. ಬೇಕಾದ್ರೆ ಇಲ್ಲೇ ಕೂತು ಹೊಡ್ಕಳಿ" ಎಂದರು.

ಹತ್ತು ವರ್ಷ ಪೋರ್ಟಬಲ್ ಕಂಪ್ಯೂಟರ್ ಹೊತ್ತು ತಿರುಗಿದ್ದೆ. ಅದನ್ನು ಹೊತ್ತದ್ದು ಸಾರ್ಥಕ ಅನ್ನಿಸಿದ್ದು ಆ ಜಗಲಿಯಲ್ಲಿ. ಎರಡು ದಿನ ಮಂಜಪ್ಪಗೌಡರು ಕನ್ನಡಕ ಏರಿಸಿ ಓದಿದರು, ನಾನು ಹೊಡೆದೆ. ಊಟವೂ ಅಲ್ಲೇ ಆಯಿತು. ನಡುನಡುವೆ ಅವರ ಟಿಪ್ಪಣಿ: "ಅವತ್ತು ಇಪ್ಪತ್ತು ಸೆಂಟು ಜಾಸ್ತಿ ಹೇಳಿದ್ದಾನೆ, ನನಗೆ ಅನುಮಾನ. ಇರ್ಲಿ, ಅವ್ನು ಹೇಳಿದ್ದೇ ಹೊಡೀರಿ." ಎರಡನೆಯ ಮಧ್ಯಾಹ್ನ ಓದುತ್ತಿದ್ದವರು ಪುಟದ ಮೇಲೆ ಬೆರಳಿಟ್ಟು ನಿಲ್ಲಿಸಿದರು.

"ನನ್ನ ಗುರ್ತು ಇದ್ಯಾ ಅವ್ನಿಗೆ?"

"ಕೇಳಿಲ್ಲ ಸಾರ್."

"ಕೇಳ್ಬೇಡಿ" ಎಂದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

ಒಂದು ಜೂನಿನಲ್ಲಿ ಒಂಬತ್ತು ದಿನ 'ಅವ್ರದು' ಸಾಲು ಖಾಲಿ ಇತ್ತು. "ಅಷ್ಟು ದಿನ ಫೋನ್ ಎತ್ಲಿಲ್ಲ. ಯಾಕೆ ಅಂತ ಕೇಳೋಕೆ ನಾವೇನು ಮಾತಾಡ್ತಿದ್ವಾ?" ಎಂದರು. ಮಳೆಗಾಲದ ನಡುಮಧ್ಯದಲ್ಲಿ ಒಂಬತ್ತು ಖಾಲಿ ಮನೆ ನೋಡಿ ನನ್ನ ಕೈ ತುರಿಸಿತು. 'ನಮ್ದು' ಸಾಲಿನ ಅಂಕಿಯಲ್ಲಿ ಹತ್ತೋ ಹದಿನೈದೋ ಸೆಂಟು ಕಳೆದು ಹೊಡೆದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹೊಡೆಯಲಿಲ್ಲ. ಖಾಲಿ ಬಿಟ್ಟೆ.

ಮೂರನೆಯ ದಿನ ಎಂಟಕ್ಕೆ ಮುಂಚೆ ಗೌಡರ ಮನೆಯಲ್ಲಿದ್ದೆ. ಅವರು ಮಳೆ ಅಳೆದರು, ಆದರೆ ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ. "ಅದು ಸುಳ್ಳನ ಪೆಟ್ಟಿಗೆ" ಎಂದರು. ಕಮಲಮ್ಮ, "ಒಂದ್ಸಲ ನೋಡಿ, ಬೇಡ ಅಂದ್ರೆ ಎದ್ದುಬಿಡಿ" ಎಂದು ಹೆಗಲು ಹಿಡಿದು ಕೂರಿಸಿದರು. ಮಾರ್ಚ್ ತೆರೆದೆ. ಗೌಡರ ಬೆರಳು ಪರದೆಯ ಮೇಲೆ ಇಳಿಯಿತು. ಒಂದು ಇಂಚು ಐದು ಸೆಂಟು. "ಹ್ಞೂಂ" ಎಂದರು. ಹಿಂದಿನ ವರ್ಷ, ಎಂಬತ್ತು ಸೆಂಟು. "ಆ ವರ್ಷ ಕಮ್ಮಿನೇ. ಕೆಳಗಿನ ತೋಟದಲ್ಲಿ ಅರ್ಧ ಹೂವು ಹಾಗೇ ಕರಟಿ ಹೋಯ್ತು" ಎಂದರು. ಕಮಲಮ್ಮ ನನ್ನ ಕಡೆ ನೋಡಿದರು. ಆ ಗಂಟೆ ವಾಪಸ್ ಬಂದಿತ್ತು.

ಬೆರಳು ಒಂದೊಂದೇ ವರ್ಷ, ಒಂದೊಂದೇ ತಿಂಗಳು ದಾಟುತ್ತ ಆ ಜೂನಿಗೆ ಬಂತು. ಖಾಲಿ ಮನೆಗಳ ಮೇಲೆ ನಿಂತಿತು. ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಅಲ್ಲೇ ನಿಂತಿತು. ತುಂಬಿಸಿದ್ದರೇ ಚೆನ್ನಾಗಿತ್ತು ಎಂದು ಆ ಗಳಿಗೆಯಲ್ಲಿ ನಿಜವಾಗಿಯೂ ಅನ್ನಿಸಿತು.

"ಇದು ಸರಿ" ಎಂದರು ಗೌಡರು. "ಈ ಒಂಬತ್ತು ದಿನ ನಾನು ಅಳೀಲಿಲ್ಲ."

"ಯಾಕೆ ಗೌಡ್ರೇ?"

"ಇಲ್ಲಿರ್ಲಿಲ್ಲ. ಮಂಗಳೂರಲ್ಲಿ ಆಸ್ಪತ್ರೇಲಿದ್ದೆ. ಕಮಲಿಗೆ ಹೊಟ್ಟೆ ಆಪರೇಷನ್. ಮಳೆ ಯಾರಿಗೆ ಬೇಕಿತ್ತು?"

ಅಷ್ಟು ಹೇಳಿ ಪರದೆಯಿಂದ ತಲೆಯೆತ್ತಿದರು. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ಬಹಳ ಹೊತ್ತು ನೋಡಿದರು.

"ಕಮಲೀ, ಹೊಲಿಗೆ ನೋವು ಹೋಯ್ತಾ?"

ಕಮಲಮ್ಮ ಲೋಟವನ್ನು ಮೇಜಿನ ಮೇಲಿಟ್ಟು, ಅವರ ಪಕ್ಕ ನೆಲದ ಮೇಲೆಯೇ ಕೂತರು.

"ಹೋಯ್ತು ಕಣ್ರೀ" ಎಂದರು. "ಈಗ ಹೋಯ್ತು."